ಸಾಕಿದ ಲ್ಯಾಬ್ರಡಾರ್‌ಗೆ ಸ್ಲೆಡ್ ಎಳೆಯುವುದನ್ನು ಕಲಿಸಬಹುದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್‌ನಲ್ಲಿದ್ದೇವೆ. ಸುಪೀರಿಯರ್ ಸರೋವರದ ಉತ್ತರ ದಂಡೆಯ ಗುಂಟ ನಡೆಯುವ ಜಾನ್ ಬೇರ್‌ಗ್ರೀಸ್ ಸ್ಲೆಡ್ (ಹಿಮದ ಮೇಲೆ ಜಾರುವ ಗಾಡಿ) ನಾಯಿಗಳ ಓಟವನ್ನು ನೋಡಿ ಬಂದ ಮೇಲೆ, ನಮ್ಮ ನಾಯಿಯೂ ತಮ್ಮನ್ನು ಹಾಗೆಯೇ ಎಳೆದುಕೊಂಡು ಹೋಗಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಅದು 10 ತಿಂಗಳ ಹೆಣ್ಣು ಲ್ಯಾಬ್ರಡಾರ್, ತೂಕ 27 ಕಿಲೋ. ವಾಕಿಂಗ್‌ನಲ್ಲಿ ಬೆಲ್ಟ್ ಜಗ್ಗಬಾರದೆಂಬುದನ್ನು ಈಗಷ್ಟೇ ಕಲಿತಿದೆ. ಎಳೆಯಲು ಕಲಿಸಿದರೆ ಆ ಪಾಠ ಕೆಟ್ಟುಹೋಗುವುದೇ? ಅಂಗಡಿಯ ಪ್ಲಾಸ್ಟಿಕ್ ಸ್ಲೆಡ್‌ಗೆ ಹಗ್ಗ ಕಟ್ಟಿದರೆ ಸಾಕೇ? ಆಜ್ಞೆಗಳು ಕನ್ನಡದಲ್ಲಿದ್ದರೆ ತೊಂದರೆಯೇ?

ಉತ್ತರ 1:
ಸರ್, ಈ ಚಳಿಗಾಲದಲ್ಲಿ ಭಾರ ಎಳೆಸುವುದು ಬೇಡ. ಎಳೆಯ ನಾಯಿಯ ಮೂಳೆಗಳ ತುದಿಯಲ್ಲಿ ಬೆಳವಣಿಗೆ ನಡೆಯುವ ಮೃದುವಾದ ಭಾಗ ಗಟ್ಟಿಯಾಗಲು ದೊಡ್ಡ ತಳಿಗಳಲ್ಲಿ ಒಂದರಿಂದ ಒಂದೂವರೆ ವರ್ಷ ಬೇಕಾಗುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಮತ್ತು ಮೊಣಕೈಯ ಕೀಲುಗಳ ದೋಷ ಸಾಮಾನ್ಯವಾದ್ದರಿಂದ, ಪಶುವೈದ್ಯರಲ್ಲಿ ಎಕ್ಸ್‌ರೇ ತೆಗೆಸಿದ ನಂತರವೇ ಮುಂದುವರಿಯುವುದು ಒಳ್ಳೆಯದು. ವಾಕಿಂಗ್ ಪಾಠ ಕೆಡುವುದಿಲ್ಲ. ಕೊರಳಪಟ್ಟಿ ಹಾಕಿದಾಗ ಜಗ್ಗಬಾರದು, ಹಾರ್ನೆಸ್ (ಎದೆಗೂ ಮೈಗೂ ಸುತ್ತಿ ತೊಡಿಸುವ ಪಟ್ಟಿ) ತೊಡಿಸಿದಾಗ ಮುಂದಕ್ಕೆ ಎಳೆಯಬೇಕು ಎಂಬ ವ್ಯತ್ಯಾಸವನ್ನು ನಾಯಿಗಳು ಬೇಗನೆ ಹಿಡಿಯುತ್ತವೆ. ಆದರೆ ಮನೆಯವರೆಲ್ಲರೂ ಅದೇ ನಿಯಮವನ್ನು ತಪ್ಪದೆ ಪಾಲಿಸಬೇಕು.

ಉತ್ತರ 2:
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೆ ಕಾಯುವ ಈ ತಿಂಗಳುಗಳನ್ನು ವ್ಯರ್ಥ ಮಾಡಬೇಕಿಲ್ಲ, ಏಕೆಂದರೆ ಮಾತುಗಳನ್ನು ಬರಿಯ ನಡಿಗೆಯಲ್ಲೇ ಕಲಿಸಬಹುದು. ಇಲ್ಲಿಯವರು ಬಲಕ್ಕೆ ‘ಜೀ’, ಎಡಕ್ಕೆ ‘ಹಾ’, ಹೊರಡಲು ‘ಹೈಕ್’ ಎನ್ನುತ್ತಾರೆ. ನೀವು ಧಾರಾಳವಾಗಿ ಬಲ, ಎಡ ಎನ್ನಿ. ತಿರುವು ಬರುವ ತುಸು ಮೊದಲೇ ಹೇಳಿ, ಸರಿಯಾಗಿ ತಿರುಗಿದ ಕೂಡಲೇ ಮೆಚ್ಚಿ ತಿನಿಸು ಕೊಡಿ. ಎಲ್ಲಕ್ಕಿಂತ ಮುಖ್ಯವಾದದ್ದು ನಿಲ್ಲುವ ಮಾತು. ಅದು ಪಕ್ಕಾ ಆಗದೆ ಸ್ಲೆಡ್ ಕಟ್ಟಲೇಬಾರದು.

ಹಾರ್ನೆಸ್ ಎಳೆಯುವುದಕ್ಕೆಂದೇ ಹೊಲಿದದ್ದಾಗಿರಬೇಕು. ಭಾರ ಗಂಟಲಿನ ಮೇಲಲ್ಲ, ಎದೆಯೆಲುಬಿನ ಮೇಲೆ ಬೀಳಬೇಕು. ಪ್ರತಿ ಸಲ ಬಿಚ್ಚಿದ ಮೇಲೆ ಮುಂಗಾಲುಗಳ ಸಂದಿನಲ್ಲಿ ಬೆರಳಾಡಿಸಿ, ಕೂದಲು ಉಜ್ಜಿಹೋಗಿದೆಯೇ ಎಂದು ನೋಡಿ. ನಾಯಿ ಹೆದರುವುದು ಸಾಮಾನ್ಯವಾಗಿ ಭಾರಕ್ಕಲ್ಲ, ಬೆನ್ನಟ್ಟಿ ಬರುವ ಸದ್ದಿಗೆ. ಆದ್ದರಿಂದ ಮೊದಲು ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ನೀವೇ ಅದರ ಪಕ್ಕದಲ್ಲಿ ಎಳೆದುಕೊಂಡು ನಡೆಯಿರಿ. ಕಿವಿ ನಿಮಿರಿಸದೆ ಜೊತೆಗೆ ಬರತೊಡಗಿದ ಮೇಲೆ ಅದನ್ನು ಹಾರ್ನೆಸ್‌ಗೆ ಕಟ್ಟಿ, ಅನಂತರ ಸಣ್ಣ ಮರದ ತುಂಡಿಗೆ ಬನ್ನಿ.

ಪ್ಲಾಸ್ಟಿಕ್ ಸ್ಲೆಡ್‌ಗೆ ಹಗ್ಗ ಕಟ್ಟುವ ಯೋಚನೆಯನ್ನು ದಯವಿಟ್ಟು ಬಿಡಿ. ಅದಕ್ಕೆ ಬ್ರೇಕ್ ಇರುವುದಿಲ್ಲ. ನಾಯಿ ನಿಂತರೂ ಸ್ಲೆಡ್ ನಿಲ್ಲದೆ ಜಾರಿ ಬಂದು ಹಿಂಗಾಲಿಗೆ ಬಡಿಯುತ್ತದೆ, ಇಳಿಜಾರಿನಲ್ಲಂತೂ ಖಂಡಿತ. ಒಮ್ಮೆ ಹಾಗೆ ಪೆಟ್ಟು ತಿಂದ ನಾಯಿ ಹಾರ್ನೆಸ್ ಕಂಡರೇ ಮೂಲೆ ಸೇರಬಹುದು. ಎರಡು ಬದಿಗೂ ಗಟ್ಟಿ ಕೋಲುಗಳಿರುವ ‘ಪುಲ್ಕ್’ ಎಂಬ ತಗ್ಗಿನ ಸ್ಲೆಡ್ ಒಂಟಿ ನಾಯಿಗೆ ಸರಿಯಾದದ್ದು. ನಾಯಿ ದೊಡ್ಡದಾದ ಮೇಲೂ ಒಂದು ಸಲಕ್ಕೆ ಒಂದೇ ಮಗು, ಅದೂ ಸಮತಟ್ಟಾದ ಗಟ್ಟಿ ಹಿಮದ ಮೇಲೆ, ದೊಡ್ಡವರು ಇನ್ನೊಂದು ಹಗ್ಗ ಹಿಡಿದು ಪಕ್ಕದಲ್ಲೇ ನಡೆಯುವಾಗ ಮಾತ್ರ.

ಉತ್ತರ 3:
ಬೆಂಗಳೂರಿನಲ್ಲಿ ನಮ್ಮ ಬಳಿ 3 ವರ್ಷದ ಹಸ್ಕಿ ಇದೆ. ಹಿಮವಿಲ್ಲದಿದ್ದರೇನು, ಗಾಲಿಯ ಬಂಡಿಗೆ ಕಟ್ಟಬಹುದಲ್ಲವೇ? ಸ್ವಿಟ್ಜರ್ಲೆಂಡಿನಲ್ಲಿ ಬರ್ನೀಸ್ ನಾಯಿಗಳು ಹಾಲಿನ ಗಾಡಿ ಎಳೆಯುತ್ತಿದ್ದವಂತೆ.

ಉತ್ತರ 2:
ಎಳೆಯುತ್ತಿದ್ದುದು ನಿಜ, ಆದರೆ ಅಲ್ಲಿಯ ಹವೆಯೇ ಬೇರೆ. ನಾಯಿಗೆ ಮೈ ಬೆವರುವುದಿಲ್ಲ. ಮುಖ್ಯವಾಗಿ ಏದುಸಿರಿನಿಂದಲೇ ಅದು ಮೈಯ ಶಾಖವನ್ನು ಹೊರಹಾಕಬೇಕು. ದುಡಿಯುವಾಗ ಈ ಶಾಖ ಬಹಳ ಬೇಗ ಏರುವುದರಿಂದ, ಗಾಲಿಗಾಡಿಯಲ್ಲಿ ತರಬೇತಿ ಕೊಡುವ ಅನೇಕರು ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾಯಿಗಳನ್ನು ಹೂಡುವುದೇ ಇಲ್ಲ. ಬೆಂಗಳೂರಿನಲ್ಲಿ ಅಷ್ಟು ತಂಪು ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಸಿಕ್ಕೀತು. ಆಗಲೂ ಡಾಂಬರು ರಸ್ತೆ ಬೇಡ, ಮಣ್ಣಿನ ದಾರಿಯಲ್ಲಿ ಖಾಲಿ ಬಂಡಿಯನ್ನು ಸ್ವಲ್ಪ ದೂರ ಎಳೆಸಿ ನಿಲ್ಲಿಸಿ. ಬಂಡಿಯ ಮೂಕಿಯ ಭಾರ ಬೆನ್ನಿನ ಮೇಲೆ ಬೀಳದಂತೆ ಮುಂದು ಹಿಂದಿನ ತೂಕವನ್ನು ಸರಿದೂಗಿಸಬೇಕು. ಉಳಿದ ತಿಂಗಳುಗಳಲ್ಲಿ ಈ ಕೆಲಸ ಬೇಡವೆಂದೇ ನನ್ನ ಸಲಹೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪ್ಲಾಸ್ಟಿಕ್ ಸ್ಲೆಡ್ ಮಕ್ಕಳ ಆಟಕ್ಕೇ ಇರಲಿ. ಎಕ್ಸ್‌ರೇಗೆ ಹೇಳಿದ್ದೇನೆ. ಇನ್ನೊಂದು ಮಾತು: ಚಳಿಯಲ್ಲಿ ನಮ್ಮ ನಾಯಿ ನೀರು ಮುಟ್ಟುವುದೇ ಇಲ್ಲ, ಮುಂದೆ ಕೆಲಸ ಮಾಡುವಾಗ ಏನು ಮಾಡಬೇಕು?

ಉತ್ತರ 1:
ಉಗುರುಬೆಚ್ಚಗಿನ ನೀರಿಗೆ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಮಾಂಸದ ರಸವನ್ನು ಸ್ವಲ್ಪ ಬೆರೆಸಿ ಕೊಡಿ. ಓಟದ ನಾಯಿಗಳನ್ನು ಸಾಕುವವರೂ ಹೀಗೆಯೇ ಮಾಡುತ್ತಾರೆ. ಹೊರಡುವ ಮುನ್ನವೇ ಕುಡಿಸಿ, ಮೂತ್ರಕ್ಕೆ ಬಿಟ್ಟ ಮೇಲೆ ಹಾರ್ನೆಸ್ ತೊಡಿಸಿ.