ಗಾಡಿ ಲೋ ಮಾಡಿಸಿದ ಮೇಲೆ ಟೈರ್ ಒಳಗಡೆ ಸವೆಯುತ್ತಿದೆ, ಕ್ಯಾಂಬರ್ ಕಿಟ್ ಬೇಕಾ?

ಪ್ರಶ್ನೆ (ಸ್ವಿಫ್ಟ್, ನವನಗರ): ಅಣ್ಣಾ, ನನ್ನ ಸ್ವಿಫ್ಟಿಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ದೇನೆ, 40 ಎಂಎಂ ಇಳಿದಿದೆ. ಅವತ್ತೇ ಸಂಜೆ ಅಲೈನ್‌ಮೆಂಟೂ (ಚಕ್ರಗಳ ಕೋನ ಅಳೆದು ಸರಿಮಾಡೋದು) ಮಾಡಿಸಿದೆ. ಪ್ರಿಂಟಿನಲ್ಲಿ ಮುಂದಿನ ಟೋ (ಮೇಲಿನಿಂದ ನೋಡಿದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡೂ ಕಡೆ ಹಸಿರು, ಅಂದರೆ ಮಿತಿಯೊಳಗೆ. ಕ್ಯಾಂಬರ್ (ಎದುರಿನಿಂದ ನೋಡಿದರೆ ಚಕ್ರ ವಾಲಿರುವ ಕೋನ, ಮೈನಸ್ ಅಂದರೆ ಮೇಲ್ಭಾಗ ಒಳಕ್ಕೆ) ಎಡಕ್ಕೆ ಮೈನಸ್ 0°50′, ಬಲಕ್ಕೆ ಮೈನಸ್ 1°40′. ಬಲಗಡೆದು ಕೆಂಪು. ಕೇಳಿದರೆ "ಈ ಗಾಡಿಗೆ ಕ್ಯಾಂಬರ್ ಅಡ್ಜಸ್ಟ್ ಬರಲ್ಲ" ಅಂದರು. ಈಗ ಮುಂದಿನ ಎರಡೂ ಟೈರ್ ಒಳಗಡೆ ಬೋಳಾಗುತ್ತಿವೆ. ಬೈಪಾಸಿನಲ್ಲಿ ಸ್ಟೀರಿಂಗ್ ಸಡಿಲ ಹಿಡಿದರೆ ಎಡಕ್ಕೆ ಎಳೆಯುತ್ತದೆ. ಕ್ಯಾಂಬರ್ ಕಿಟ್ ತರಿಸಲಾ?

ಉತ್ತರ: ತಮ್ಮಾ, ಕಿಟ್ ಆಮೇಲೆ. ಮೊದಲು ಟೋ ಮತ್ತೆ ಚೆಕ್ ಮಾಡಿಸು. ಗಾಡಿ ಲೋ ಮಾಡಿದವರೆಲ್ಲ ಕ್ಯಾಂಬರಿಗೆ ಹೆದರುತ್ತಾರೆ. ಆದರೆ ಟೈರ್ ತಿನ್ನೋದು ಜಾಸ್ತಿ ಟೋ.

ಲೆಕ್ಕ ನೋಡು. ಒಂದು ಚಕ್ರದ ಟೋ ಬರೀ ಕಾಲು ಡಿಗ್ರಿ, ಅಂದರೆ ಪ್ರಿಂಟಿನಲ್ಲಿ 0°15′, ತಪ್ಪಿದೆ ಅಂದುಕೋ. ಆ ಟೈರ್ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಜಾಸ್ತಿ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಹುಬ್ಬಳ್ಳಿಯಿಂದ ಗದಗ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಕಾಲು ಕಿಲೋಮೀಟರ್! ಅದಕ್ಕೆ ಹೋಲಿಸಿದರೆ ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಒಂದೇ ಇದ್ದು, ಟೋ ಸರಿಯಿದ್ದರೆ, ಟೈರ್ ಒಳಗಡೆ ಸವೆಯೋದು ನಿಧಾನ. ಎರಡೂ ಕೂಡಿದಾಗ ಮಾತ್ರ ನಿನ್ನ ಟೈರಿನ ಗತಿ.

"ಪ್ರಿಂಟಿನಲ್ಲಿ ಹಸಿರು ಇತ್ತಲ್ಲ" ಅಂತೀಯಾ. ಇತ್ತು, ಆ ಸಂಜೆ. ಹೊಸ ಸ್ಪ್ರಿಂಗ್ ಐನೂರರಿಂದ ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಇನ್ನೂ ಸ್ವಲ್ಪ ಕೂರುತ್ತದೆ. ಗಾಡಿ ಇಳಿದಾಗ ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆ ಹಿಡಿದಿರುವ ತೋಳು) ಒಂದು ಕಮಾನಿನಲ್ಲಿ ಮೇಲೆ ಹೋಗುತ್ತದೆ, ಟೈ ರಾಡ್ (ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಸಲಾಕೆ) ಇನ್ನೊಂದರಲ್ಲಿ. ಎರಡರ ಉದ್ದ ಬೇರೆ, ಕೋನ ಬೇರೆ. ಹಾಗಾಗಿ ಎತ್ತರ ಬದಲಾದರೆ ಟೋ ತಾನಾಗಿಯೇ ಬದಲಾಗುತ್ತದೆ. ಸ್ಪ್ರಿಂಗ್ ಹಾಕಿದ ದಿನ ಅಲೈನ್‌ಮೆಂಟ್ ಮಾಡಿಸೋದು ತಪ್ಪಲ್ಲ, ಬಿಡದೆ ಮಾಡಿಸಬೇಕು. ಆದರೆ ಅದು ತಾತ್ಕಾಲಿಕ. ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ಆಗಲೇಬೇಕು.

ಇನ್ನೊಂದು ವಿಷಯ ಫಿಟ್ಟರನ್ನು ಕೇಳು. ಲೋವರ್ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್‌ನ ಬೋಲ್ಟ್ ಟೈಟ್ ಮಾಡಿದ್ದು ಚಕ್ರ ನೇತಾಡುತ್ತಿದ್ದಾಗಲೋ, ಗಾಡಿ ನೆಲದ ಮೇಲೆ ನಿಂತಿದ್ದಾಗಲೋ? ನೇತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ. ಬುಷ್ ಬೇಗ ಹರಿಯುತ್ತದೆ, ಅಲೈನ್‌ಮೆಂಟೂ ನಿಲ್ಲಲ್ಲ. ಲಿಫ್ಟ್ ಮೇಲೆ ಕೆಲಸ ಬೇಗ ಮುಗಿಸುವ ಅವಸರಕ್ಕೆ ಇದನ್ನು ಮರೆಯುವವರೇ ಜಾಸ್ತಿ.

ಎಡಕ್ಕೆ ಎಳೆಯೋದಕ್ಕೆ ನಿನ್ನ ಪ್ರಿಂಟಿನಲ್ಲೇ ಕಾರಣ ಇದೆ. ಎರಡೂ ಕಡೆಯ ಕ್ಯಾಂಬರಿನಲ್ಲಿ 50 ನಿಮಿಷದ ವ್ಯತ್ಯಾಸ (ಒಂದು ಡಿಗ್ರಿಗೆ 60 ನಿಮಿಷ). ಯಾವ ಕಡೆ ನೆಗೆಟಿವ್ ಕಮ್ಮಿಯೋ ಗಾಡಿ ಆ ಕಡೆ ಎಳೆಯುತ್ತದೆ, ನಿನಗೆ ಎಡ. ಜೊತೆಗೆ ನಮ್ಮ ರಸ್ತೆಗೆ ನೀರು ಹರಿಯಲೆಂದು ಎಡಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ವ್ಯತ್ಯಾಸ 30 ನಿಮಿಷದ ಒಳಗೆ ಬಂದರೆ ಸಾಕು.

ಪ್ರಶ್ನೆ (ಅವರೇ): ಹಾಗಾದರೆ "ಅಡ್ಜಸ್ಟ್ ಬರಲ್ಲ" ಅಂದಿದ್ದು ಸುಳ್ಳಾ?

ಉತ್ತರ: ಸುಳ್ಳಲ್ಲ, ಅರ್ಧ ಮಾತು. ಕಂಪನಿಯಿಂದ ಬಂದ ಹಾಗೆ ಟೋ ಒಂದೇ ಅಡ್ಜಸ್ಟ್. ಆದರೆ ನಿನ್ನ ಗಾಡಿಯಲ್ಲಿ ಶಾಕಪ್ಪಿನ ಕೆಳಗಡೆ ನಕಲ್‌ಗೆ (ಚಕ್ರ ಕೂರುವ ಲೋಹದ ಭಾಗ) ಎರಡು ಬೋಲ್ಟ್ ಇವೆ. ಅದರಲ್ಲಿ ಒಂದನ್ನು ತೆಗೆದು ಕ್ಯಾಂಬರ್ ಬೋಲ್ಟ್ ಹಾಕಬಹುದು, ನೀನು ಕೇಳಿದ ಕಿಟ್ ಇದೇ. ಅದರ ನಡುವೆ ಓರೆ ಉಬ್ಬು ಇರುತ್ತದೆ, ತಿರುಗಿಸಿದರೆ ಚಕ್ರದ ತಲೆ, ಅಂದರೆ ಮೇಲ್ಭಾಗ, ಒಳಗೆ ಹೊರಗೆ ಹೋಗುತ್ತದೆ. ಒಂದು, ಒಂದೂವರೆ ಡಿಗ್ರಿ ಆರಾಮಾಗಿ ಸಿಗುತ್ತದೆ. ಬಲಗಡೆಗೊಂದು ಹಾಕಿ ಎಡದ ಸಮಕ್ಕೆ ತಂದರೂ ಎಳೆತ ಹೋಗುತ್ತದೆ.

ಎರಡು ಎಚ್ಚರಿಕೆ. ಈ ಬೋಲ್ಟ್ ಮೂಲ ಬೋಲ್ಟಿಗಿಂತ ತೆಳ್ಳಗಿರುತ್ತದೆ. ಒಳ್ಳೆ ಗ್ರೇಡಿನದೇ ತಗೋ, ಟಾರ್ಕ್ ರೆಂಚಿನಲ್ಲೇ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿಸು, ಕೆಲವು ದಿನ ಓಡಿಸಿ ಮತ್ತೆ ಚೆಕ್ ಮಾಡಿಸು. ಮತ್ತೆ, ಚಕ್ರದ ತಲೆ ಹೊರಗೆ ತಂದಷ್ಟೂ ಫೆಂಡರಿಗೆ ಹತ್ತಿರ ಆಗುತ್ತದೆ. ಲೋ ಗಾಡಿಯಲ್ಲಿ ಜಾಗ ಮೊದಲೇ ಕಮ್ಮಿ. ಅಗಲದ ಟೈರ್ ಹಾಕಿದ್ದರೆ ಉಜ್ಜುತ್ತದೆ. ಪೂರ್ತಿ ಸೊನ್ನೆಗೆ ತರುವ ಹಟ ಬೇಡ. ಮೈನಸ್ ಒಂದು ಡಿಗ್ರಿಯ ಆಸುಪಾಸು ಇರಲಿ, ತಿರುವಿನಲ್ಲಿ ಹಿಡಿತವೂ ಚೆನ್ನಾಗಿರುತ್ತದೆ.

ಚೆಕ್ ಮಾಡುವಾಗ ಟೋ ಮೊದಲು ನೋಡಿದರೂ, ಅಡ್ಜಸ್ಟ್ ಮಾಡುವಾಗ ಕ್ಯಾಂಬರ್ ಮೊದಲು, ಟೋ ಕೊನೆಗೆ. ಕ್ಯಾಂಬರ್ ಮುಟ್ಟಿದರೆ ಟೋ ಹೋಗಿಯೇ ಹೋಗುತ್ತದೆ.

ಪ್ರಶ್ನೆ (ಗದಗ): ಸರ್, ಹಿಂದಿನ ಚಕ್ರಕ್ಕೂ ಕ್ಯಾಂಬರ್ ಬೋಲ್ಟ್ ಬರುತ್ತಾ? ನಂದೂ ಸ್ವಿಫ್ಟೇ, ಲೋ ಮಾಡಿಸಿದ್ದು. ಹಿಂದೆ ಒಂದು ಕಡೆ ಮಾತ್ರ ಸವೆದಿದೆ.

ಉತ್ತರ: ಬರಲ್ಲ ರೀ. ಹಿಂದೆ ಇರೋದು ಟಾರ್ಷನ್ ಬೀಮ್, ಎರಡೂ ಚಕ್ರ ಜೋಡಿಸುವ ಒಂದೇ ಅಡ್ಡ ತೊಲೆ. ಎರಡೂ ಚಕ್ರ ಒಟ್ಟಿಗೆ ಮೇಲೆ ಹೋಗೋದರಿಂದ ಲೋ ಮಾಡಿದರೂ ಅಲ್ಲಿ ಕ್ಯಾಂಬರ್ ಹೆಚ್ಚು ಬದಲಾಗಲ್ಲ. ಒಂದೇ ಕಡೆ ಸವೆದಿದೆ ಅಂದರೆ ಲೋವರಿಂಗ್ ಬಿಟ್ಟು ಬೇರೆ ಹುಡುಕಿ. ಗುಂಡಿಯಲ್ಲಿ ಬಿದ್ದು ಬೀಮ್ ಇಲ್ಲವೇ ಸ್ಟಬ್ (ಚಕ್ರ ಕೂರುವ ಗಿಡ್ಡ ಅಚ್ಚು) ಬಾಗಿರಬಹುದು, ಬೇರಿಂಗ್ ಲೂಸ್ ಇರಬಹುದು. ನಿಮ್ಮ ಕಡೆ ಎರೆಮಣ್ಣಿನ ಮೇಲಿನ ರಸ್ತೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಡಾಂಬರ್ ಅಲೆಅಲೆ. ಸ್ಟಾಕ್ ಎತ್ತರಕ್ಕೆ ಅದು ಬರೀ ಕುಲುಕಾಟ. ಲೋ ಗಾಡಿ ಬಂಪ್ ಸ್ಟಾಪಿಗೆ (ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್) ಬಡಿದು ಪೂರ್ತಿ ಏಟು ತಿನ್ನುತ್ತದೆ.

ಪ್ರಶ್ನೆ (ಹಾವೇರಿ): ಕಾಕಾ, ಹೊಸ ಸ್ಪ್ರಿಂಗಿಗೆ ದುಡ್ಡು ಯಾಕೆ? ಇದ್ದ ಸ್ಪ್ರಿಂಗೇ ಎರಡು ಸುತ್ತು ಕತ್ತರಿಸಿದರೆ ಆಗಲ್ವಾ?

ಉತ್ತರ: ಬೇಡಪ್ಪಾ. ಚಕ್ರ ನೇತಾಡಿದಾಗ ಕತ್ತರಿಸಿದ ಸ್ಪ್ರಿಂಗ್ ಸೀಟಿನಿಂದ ಜಾರಬಹುದು. ಕತ್ತರಿಸಿದ ತುದಿ ಸರಿಯಾಗಿ ಕೂರಲ್ಲ, ಎರಡೂ ಕಡೆ ಎತ್ತರ ಒಂದೇ ಬರಲ್ಲ. ಆಮೇಲೆ ಯಾವ ಮೆಷಿನ್ ತಂದರೂ ಅಲೈನ್‌ಮೆಂಟ್ ಕೂರಲ್ಲ. ಇನ್ನು ಕಾನೂನು. ಕಂಪನಿ ಕೊಟ್ಟಿದ್ದನ್ನು ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇದು ಒಳ್ಳೆ ಸ್ಪ್ರಿಂಗ್ ಹಾಕಿಸಿದವರಿಗೂ ತಪ್ಪಿದ್ದಲ್ಲ. ಇನ್ಶೂರೆನ್ಸಿನವರು ಕ್ಲೇಮ್ ಹೊತ್ತಿಗೆ ಇದನ್ನೇ ಕೇಳುತ್ತಾರೆ.

ಪ್ರಶ್ನೆ (ನವನಗರದವರೇ): ಅಣ್ಣಾ, ನಾಳೆ ಹೋಗುತ್ತೇನೆ. ಅಲ್ಲಿ ಏನು ಹೇಳಲಿ? ಹಳೆ ಟೈರ್ ಬಿಸಾಕಬೇಕಾ?

ಉತ್ತರ: ಟೈರಿನ ಗಾಳಿ ಸರಿ ಮಾಡಿಸಿಕೊಂಡು ಹೋಗು. ಡಿಕ್ಕಿಯಲ್ಲಿ ದಿನಾ ಇರುವ ಸಾಮಾನು ಇರಲಿ. ಮೆಷಿನ್ ಮೇಲೆ ಹತ್ತಿಸುವ ಮುಂಚೆ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಈ ಕೀಲುಗಳನ್ನು ಅಲುಗಾಡಿಸಿ ನೋಡಲು ಹೇಳು. ಅವು ಲೂಸ್ ಇದ್ದರೆ ಅಲೈನ್‌ಮೆಂಟ್ ದುಡ್ಡು ದಂಡ. ಅಡ್ಜಸ್ಟ್ ಮಾಡುವ ಮುಂಚಿನದು, ಆಮೇಲಿನದು ಎರಡೂ ಪ್ರಿಂಟ್ ಕೇಳು. ಮುಂಚಿನ ಪ್ರಿಂಟಿನಲ್ಲೇ ಟೈರ್ ಯಾಕೆ ಸವೆಯಿತು ಅನ್ನೋದು ಇರುತ್ತದೆ.

ಟೈರ್ ಒಳಗಡೆ 1.6 ಎಂಎಂ ಗುರುತಿಗೆ ಬಂದಿದ್ದರೆ, ಇಲ್ಲವೇ ತಂತಿ ಕಂಡರೆ, ಬದಲಾಯಿಸಲೇಬೇಕು. ಇನ್ನೂ ಅಷ್ಟು ಸವೆದಿಲ್ಲ, ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಾಗಲಿ, ಒಳಗಡೆ ಹೊರಗಡೆ ಅಂತ ಬರೆದದ್ದಾಗಲಿ ಇಲ್ಲ ಅಂದರೆ, ರಿಮ್ಮಿನಿಂದ ಬಿಚ್ಚಿ ಮಗ್ಗುಲು ಬದಲಿಸಿ ಹಾಕಿಸು. ಆದರೆ ಟೋ ಸರಿಯಾದ ಮೇಲೆ. ಪ್ರಿಂಟ್ ಬಂದ ಮೇಲೆ ಇಲ್ಲೇ ಹಾಕು, ಬೋಲ್ಟ್ ಒಂದು ಕಡೆ ಸಾಕೋ ಎರಡೂ ಕಡೆ ಬೇಕೋ ನೋಡಿ ಹೇಳುತ್ತೇನೆ.