ಮೇಲ್ "ಕಳಿಸು": ಒಂದೇ ಪದ ಸಾಕೇ?

ಗೆಳೆಯರೇ, ಸ್ವಂತ ಮೇಲ್ ಸರ್ವರ್ ನಡೆಸುವವರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. "ಇಂಟರ್ನೆಟ್ ಕೊಡುವ ಕಂಪನಿ ಮೇಲ್ ಕಳಿಸಲು ಬಿಡುವುದಿಲ್ಲ" ಅಂತ ಬರೆದರೆ, ಓದಿದವರು "ನನ್ನ ಫೋನಿನಿಂದ ಹೋಗುತ್ತಲೇ ಇದೆಯಲ್ಲ?" ಅನ್ನುತ್ತಾರೆ. ಅವರು ಹೇಳುವುದೂ ಸರಿ.

"ಕಳಿಸು" ಅಂದಾಗ ಅಲ್ಲಿ ಎರಡು ಕೆಲಸ ಇದೆ. ಬರೆದ ಮೇಲನ್ನು ಪಾಸ್‌ವರ್ಡ್ ಕೊಟ್ಟು ನಮ್ಮ ಸರ್ವರ್‌ಗೆ ಒಪ್ಪಿಸುವುದು ಒಂದು. ಇದಕ್ಕೆ ಪೋರ್ಟ್ (ಸರ್ವರ್‌ನಲ್ಲಿ ಒಂದೊಂದು ಕೆಲಸಕ್ಕೂ ಇರುವ ನಂಬರಿನ ಬಾಗಿಲು) 587 ಅಥವಾ 465. ಆ ಸರ್ವರ್ ಅದನ್ನು ಇನ್ನೊಂದು ಸರ್ವರ್‌ಗೆ ಮುಟ್ಟಿಸುವುದು ಮತ್ತೊಂದು, ಅದು 25ರಲ್ಲಿ. ಕಂಪನಿಗಳು ಸಾಮಾನ್ಯವಾಗಿ ಮುಚ್ಚುವುದು ಈ 25ನ್ನು, ಯಾಕಂದ್ರೆ ವೈರಸ್ ಹೊಕ್ಕ ಕಂಪ್ಯೂಟರ್‌ಗಳು ಯಾವ ಪಾಸ್‌ವರ್ಡೂ ಇಲ್ಲದೆ ಅಲ್ಲಿಂದಲೇ ಊರೆಲ್ಲ ಸ್ಪ್ಯಾಮ್ ಸುರಿಯುತ್ತವೆ. ಮೊದಲು ಎರಡೂ ಕೆಲಸ 25ರಲ್ಲೇ ನಡೆಯುತ್ತಿತ್ತು. 1998ರ ಆರ್‌ಎಫ್‌ಸಿ 2476 ಅನ್ನುವ ಇಂಟರ್ನೆಟ್ ನಿಯಮಗಳ ದಾಖಲೆ ಒಪ್ಪಿಸುವ ಕೆಲಸಕ್ಕೆ 587 ಅಂತ ಬೇರೆ ಮಾಡಿತು, ನಮ್ಮ ಮಾತು ಮಾತ್ರ ಇನ್ನೂ ಬೇರೆಯಾಗಿಲ್ಲ.

ಮೊದಲನೆಯದಕ್ಕೆ "ಸಲ್ಲಿಸು" ಹಾಕೋಣ ಅಂದುಕೊಂಡೆ, ಸ್ವಲ್ಪ ಸರ್ಕಾರಿ ಅರ್ಜಿಯ ವಾಸನೆ ಬರುತ್ತದೆ, ಆದರೂ ಅರ್ಥ ತಪ್ಪುವುದಿಲ್ಲ. ಎರಡನೆಯದಕ್ಕೆ "ರವಾನೆ". ಕೊನೆಗೆ ಪೆಟ್ಟಿಗೆಗೆ ಬೀಳುವುದಕ್ಕೆ ಅಂಚೆಯವರ "ಬಟವಾಡೆ" ಇದ್ದೇ ಇದೆ, ಚೆಂದದ ಪದ, ಸುಮ್ನೆ ಬಿಡುವುದು ಯಾಕೆ?

ಸಿಕ್ಕಿಕೊಂಡಿರುವುದು "ರಿಲೇ" ಹತ್ತಿರ, ಅಂದರೆ ಒಂದು ಸರ್ವರ್ ಬೇರೆಯವರ ಮೇಲನ್ನು ಪಡೆದು ಮುಂದಕ್ಕೆ ದಾಟಿಸುವುದು. 25 ಮುಚ್ಚಿದ್ದರೆ ನಮ್ಮ ಸರ್ವರ್ ತನ್ನ ಮೇಲನ್ನೆಲ್ಲ 587ರಲ್ಲಿ ಹೊರಗಿನ ಒಂದು ಸರ್ವರ್‌ಗೆ ಕೊಡಬೇಕು, ಮುಂದಿನದನ್ನು ಅದು ನೋಡಿಕೊಳ್ಳುತ್ತದೆ. ಇದಕ್ಕೆ "ಸ್ಮಾರ್ಟ್‌ಹೋಸ್ಟ್" ಅಂತಾರೆ. "ಜಾಣ ಆತಿಥೇಯ" ಅಂತ ಮಾತ್ರ ದಯವಿಟ್ಟು ಸೂಚಿಸಬೇಡಿ, ಪೋರ್ಟನ್ನು "ಬಂದರು" ಮಾಡುವವರ ಜೊತೆ ನಾನು ಜಗಳ ಆಡಿ ಆಗಿದೆ. "ದಾಟಿಸುವ ಸರ್ವರ್" ಅಂದರೆ ನಡೆಯುತ್ತಾ? ನಡೆದರೆ, ಯಾರು ಕೊಟ್ಟರೂ ಕಣ್ಣುಮುಚ್ಚಿ ದಾಟಿಸುವ "ಓಪನ್ ರಿಲೇ"ಗೆ ಏನನ್ನೋಣ?

ಇನ್ನೊಂದು: "ಮೇಲ್ ವಾಪಸ್ ಬಂತು" ಅನ್ನುವುದನ್ನು ಜನ ಎಲ್ಲದಕ್ಕೂ ಬಳಸುತ್ತಾರೆ. 25 ಮುಚ್ಚಿದ್ದಾಗ ಅದು ತಕ್ಷಣ ವಾಪಸ್ ಬರುವುದಿಲ್ಲ, ಸರ್ವರ್‌ನ ಸಾಲಿನಲ್ಲೇ ಕೂತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ 5 ದಿನ ಹೀಗೇ. ಈ ಕಾಯುವ ಸ್ಥಿತಿಗೆ "ತಡೆದು ನಿಂತಿದೆ" ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತಾ?