ಹೊಸ ಕೋರ್ಟು ಬಂದರೆ ಪ್ರಕರಣ ‘ವಿಲೇವಾರಿ’ಯೋ, ‘ವರ್ಗಾವಣೆ’ಯೋ?

ಪ್ರಶ್ನೆ: ಹುಬ್ಬಳ್ಳಿಗೆ ಇನ್ನೊಂದು ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ಕೋರ್ಟು ಬಂದರೆ ‘ಹಳೆ ಕೋರ್ಟಿನ ಅರ್ಧದಷ್ಟು ಪ್ರಕರಣ ವಿಲೇವಾರಿಯಾಗಲಿವೆ’ ಎಂದು ಸುದ್ದಿಯಲ್ಲಿ ಬರೆಯಬಹುದೇ? ‘ಮಂಜೂರಾಗಿದೆ’, ‘ಸ್ಥಾಪನೆಯಾಗಿದೆ’ ಎರಡೂ ಒಂದೇ ಅರ್ಥವೇ? ಧಾರವಾಡ, ಗದಗ ಕಡೆಯ ವಕೀಲರ ಬಳಕೆ ಹೇಗಿದೆ?

ಉತ್ತರ: ಹಾಗೆ ಬರೆಯಬಾರದು. ವಿಲೇವಾರಿ ಎಂದರೆ ಖಟ್ಲೆ ಮುಗಿದಿರಬೇಕು: ಶಿಕ್ಷೆ, ಖುಲಾಸೆ, ರಾಜಿ, ಹೀಗೆ ಏನಾದರೊಂದು ಆಗಿರಬೇಕು. ಕಡತ ಹೊಸ ಕೋರ್ಟಿಗೆ ಹೋದದ್ದು ವರ್ಗಾವಣೆ. ಹಳೆ ಕೋರ್ಟಿನ ಬಾಕಿ ಇಳಿದಷ್ಟೇ ಹೊಸದರ ಬಾಕಿ ಏರುತ್ತದೆ. ಜಿಲ್ಲೆಯ ಒಟ್ಟು ಬಾಕಿ ಇದ್ದಲ್ಲೇ ಇರುತ್ತದೆ. ನಮ್ಮ ಕಡೆ ಕೋರ್ಟಿನ ಆವರಣದಲ್ಲಿ ‘ಫೈಲ್ ಟ್ರಾನ್ಸ್‌ಫರ್ ಆತು’, ‘ಕೇಸ್ ಡಿಸ್ಪೋಸ್ ಆತು’ ಅಂತ ಬೇರೆಬೇರೆಯಾಗಿಯೇ ಹೇಳುತ್ತಾರೆ. ಬೆರಕೆ ಆಗುವುದು ಸುದ್ದಿಯಲ್ಲಿ ಮಾತ್ರ. ಅದನ್ನು ಓದಿದ ಆರೋಪಿ ಕೇಸು ಮುಗಿಯಿತೆಂದು ಮನೆಯಲ್ಲಿ ಕುಳಿತರೆ, ಮುಂದಿನ ತಾರೀಖಿಗೆ ಹೊಸ ಕೋರ್ಟಿನಿಂದ ವಾರಂಟ್ ಹೊರಡಬಹುದು.

ಮಂಜೂರಾತಿ ಎಂದರೆ ಸರ್ಕಾರ ಹುದ್ದೆಗೂ ಖರ್ಚಿಗೂ ಒಪ್ಪಿದ್ದು. ಸ್ಥಾಪನೆ ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 9ನೇ ಕಲಮಿನಂತೆ ಹೈಕೋರ್ಟಿನೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ್ದು. ನ್ಯಾಯಾಧೀಶರನ್ನು ನೇಮಿಸುವುದು ಹೈಕೋರ್ಟು. ಆಮೇಲೆ 12ನೇ ಕಲಮಿನಂತೆ, ಹೈಕೋರ್ಟಿನ ನಿಯಂತ್ರಣಕ್ಕೊಳಪಟ್ಟು, ಸಿಜೆಎಂ (ಮುಖ್ಯ ನ್ಯಾಯಿಕ ದಂಡಾಧಿಕಾರಿ) ಅವರು ವ್ಯಾಪ್ತಿ ಗೊತ್ತುಮಾಡುತ್ತಾರೆ. ಕೇಶ್ವಾಪುರ ಠಾಣೆಯ ಕೇಸು ಯಾವ ಕೋರ್ಟಿಗೆ, ವಿದ್ಯಾನಗರದ್ದು ಯಾವುದಕ್ಕೆ ಎನ್ನುವುದು ಆಗ ತಿಳಿಯುತ್ತದೆ. ಕಲಾಪ ನಡೆಯತೊಡಗಿದ ಮೇಲೆಯೇ ‘ಕಾರ್ಯಾರಂಭ’ ಎನ್ನಬೇಕು. ಇಲ್ಲಿ ಎಡವಟ್ಟಾಗುವುದು ಸರ್ಕಾರದ ಪರ ಕೇಸು ನಡೆಸುವ ಸಹಾಯಕ ಸರ್ಕಾರಿ ಅಭಿಯೋಜಕರ ವಿಷಯದಲ್ಲಿ. ಅವರು ಕೋರ್ಟಿನ ಸಿಬ್ಬಂದಿಯಲ್ಲ, ಅಭಿಯೋಜನಾ ಇಲಾಖೆಯವರು. ಹೊಸ ಕೋರ್ಟಿಗೆ ಬೇರೆಯವರನ್ನು ಕೊಡದಿದ್ದರೆ ಒಬ್ಬರೇ ಎರಡೂ ಕಡೆ ಓಡಾಡಬೇಕು, ಬಂದ ಸಾಕ್ಷಿಗಳು ಹೇಳಿಕೆ ಕೊಡದೇ ಹಿಂದಿರುಗುತ್ತಾರೆ.

ಅರ್ಧ ಸಾಕ್ಷ್ಯ ಮುಗಿದ ಕಡತ ಹೋದರೆ ‘ಮರುವಿಚಾರಣೆ’ ಎಂದು ಬರೆಯುವುದೂ ಬಹಳಷ್ಟು ಸಲ ತಪ್ಪು. ಅದೇ ಸಂಹಿತೆಯ 365ನೇ ಕಲಮಿನಂತೆ ಹೊಸ ನ್ಯಾಯಾಧೀಶರು ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೆಯೇ ಮುಂದುವರಿಯಬಹುದು. ಸಾಕ್ಷ್ಯದ ಸಾರಾಂಶವನ್ನಷ್ಟೇ ಬರೆದುಕೊಳ್ಳುವ ಸಂಕ್ಷಿಪ್ತ ವಿಚಾರಣೆಗೆ ಈ ಅನುಕೂಲವಿಲ್ಲ. ಚೆಕ್ ಬೌನ್ಸ್ ಕೇಸು ನಿಜಕ್ಕೂ ಸಂಕ್ಷಿಪ್ತವಾಗಿಯೇ ನಡೆದಿದ್ದರೆ ಮೊದಲಿನಿಂದ ಶುರುಮಾಡಬೇಕು. ಸಮನ್ಸ್ ಕೇಸಿನಂತೆ ಪೂರ್ಣ ಸಾಕ್ಷ್ಯ ಬರೆದುಕೊಂಡಿದ್ದರೆ ಬೇಕಿಲ್ಲ. ಈ ಭೇದ ಗೊತ್ತಿಲ್ಲದೆ ಕಕ್ಷಿದಾರರು ವೃಥಾ ಗಾಬರಿಯಾಗುತ್ತಾರೆ.

ಜೆಎಂಎಫ್‌ಸಿಗೆ ಬರಿಯ ‘ದಂಡಾಧಿಕಾರಿ’ ಸಾಲದು. ತಹಶೀಲ್ದಾರರೂ ತಾಲೂಕು ದಂಡಾಧಿಕಾರಿಗಳೇ. ‘ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ’ ಎಂದೇ ಇರಲಿ, ಉದ್ದವಾದರೂ ಪರವಾಗಿಲ್ಲ.

ನಿಮ್ಮ ವಾಕ್ಯವನ್ನು ಹೀಗೆ ತಿದ್ದಬಹುದು: ‘ಹಳೆ ಕೋರ್ಟಿನ ಅರ್ಧದಷ್ಟು ಪ್ರಕರಣ ಹೊಸ ಕೋರ್ಟಿಗೆ ವರ್ಗವಾಗಲಿವೆ, ಕಕ್ಷಿದಾರರು ಮುಂದಿನ ತಾರೀಖು ಯಾವ ಕೋರ್ಟಿನಲ್ಲಿದೆ ಎಂಬುದನ್ನು ಸಿಎನ್ಆರ್ ನಂಬರು (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ನೋಡಿಕೊಳ್ಳಬೇಕು ಅಥವಾ ವಕೀಲರನ್ನು ಕೇಳಬೇಕು.’